ಐಎಸ್‌ಎಲ್ ಸೀಸನ್ನನ್ನು ಸೀಮೆ ಗೆಲ್ಲುವ ನಕ್ಷೆ ಮಾಡುವುದು ಹೇಗೆ? ಕಲಬುರಗಿ ಯಾರ ಪಾಲಿಗೆ?

ಭೀಮಾತೀರ (ಕಲಬುರಗಿ)

2024-25ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಲೀಗ್ ಹಂತವನ್ನು ನಕ್ಷೆಯ ಮೇಲೆ ತೋರಿಸಬೇಕು. ಅಮೆರಿಕದ ಕಾಲೇಜು ಫುಟ್‌ಬಾಲ್‌ನವರು ಮಾಡುವ ಪದ್ಧತಿ ಗೊತ್ತಿರಬಹುದು: ಸೀಸನ್ ಶುರುವಾಗುವ ಮುಂಚೆ ಪ್ರತಿ ಜಿಲ್ಲೆಯೂ ಹತ್ತಿರದ ತಂಡದ್ದು, ಆಮೇಲೆ ಗೆದ್ದವರಿಗೆ ಸೋತವರ ಸೀಮೆಯೆಲ್ಲ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ 13 ತಂಡಗಳ ಮೈದಾನದ ಬಿಂದು ಹಾಕಿ, ವೊರೊನೊಯ್ ಪಾಲಿಗನ್ (ಪ್ರತಿ ಬಿಂದುವಿಗೆ ಹತ್ತಿರವಿರುವ ಜಾಗವನ್ನೆಲ್ಲ ಸುತ್ತುವ ಆಕಾರ) ಮಾಡಿ, ಜಿಲ್ಲಾ ಗಡಿಯ ಫೈಲ್ ಮೇಲೆ ಕೂರಿಸಿದ್ದೇನೆ. ಸಿಕ್ಕಿಬಿದ್ದಿರುವುದು ಇಲ್ಲಿ:

ಕಲಬುರಗಿ, ಬೀದರ್ ಎರಡೂ ಹೈದರಾಬಾದ್ ಎಫ್‌ಸಿಗೆ ಹೋದವು. ಇದು ಸರಿಯೇ? ಯಾದಗಿರಿಗೆ ಬಣ್ಣವೇ ಬರುತ್ತಿಲ್ಲ. ಕೋಲ್ಕತ್ತದ ಮೂರು ತಂಡಗಳಲ್ಲಿ ಎರಡೇ ಕಾಣುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕು, ಎರಡು ವಾರದ ಫಲಿತಾಂಶ ತುಂಬುವಷ್ಟರಲ್ಲೇ ಮುಕ್ಕಾಲು ದೇಶ ನಾಲ್ಕೈದು ಬಣ್ಣಕ್ಕೆ ಇಳಿಯುತ್ತದೆ. ಉಳಿದ ಐದು ತಿಂಗಳು ಏನು ತೋರಿಸುವುದು?

ಕಾರಂಜಾ (ಬೀದರ್)

ಹೈದರಾಬಾದಿಗೆ ಹೋಗಿದ್ದು ಸರಿಯಾಗಿಯೇ ಇದೆ. ನೇರ ಗೆರೆಯ ಅಂತರ ನೋಡಿ. ಗಚ್ಚಿಬೌಲಿ ಮೈದಾನದಿಂದ ಬೀದರ್ ಸುಮಾರು 100 ಕಿ.ಮೀ., ಯಾದಗಿರಿ 150, ಕಲಬುರಗಿ 160. ಬೆಂಗಳೂರಿನ ಕಂಠೀರವದಿಂದ ಯಾದಗಿರಿ 425, ಕಲಬುರಗಿ 490, ಬೀದರ್ 550. ಪೈಪೋಟಿಯೇ ಇಲ್ಲ. ಇನ್ನೂ ಸ್ವಾರಸ್ಯ ಅಂದರೆ ಹೈದರಾಬಾದನ್ನು ಪಟ್ಟಿಯಿಂದ ತೆಗೆದರೂ ನಾವು ಬೆಂಗಳೂರಿಗೆ ಸೇರುವುದಿಲ್ಲ. ಕಲಬುರಗಿಗೆ ಎರಡನೇ ಹತ್ತಿರದ ಮೈದಾನ ಗೋವಾದ ಫತೋರ್ಡಾ, ಸುಮಾರು 380. ಆಮೇಲೆ ಮುಂಬೈ 467, ಬೆಂಗಳೂರು ನಾಲ್ಕನೇ ಸ್ಥಾನ. ಮೂರೂ ಜಿಲ್ಲೆಗೆ ಹೈದರಾಬಾದ್ ಬಿಟ್ಟರೆ ಗೋವಾನೇ. 2025ರಲ್ಲಿ ಹೈದರಾಬಾದ್ ಕ್ಲಬ್ ದೆಹಲಿಗೆ ಗಂಟುಮೂಟೆ ಕಟ್ಟಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಯಿತಲ್ಲ, ಅದರ ಮುಂದಿನ ಸೀಸನ್ನಿನ ನಕ್ಷೆ ಮಾಡಿದರೆ ನಮ್ಮ ಮೂರೂ ಜಿಲ್ಲೆ ಗೋವಾದ ಕಿತ್ತಳೆ ಬಣ್ಣದಲ್ಲಿ ಶುರುವಾಗುತ್ತವೆ.

2024-25ರಲ್ಲಿ ಮಾತ್ರ ಹೈದರಾಬಾದಿನ ಆಳ್ವಿಕೆ ಬಹಳ ದಿನ ಇರಲಿಲ್ಲ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಹಾರಿಸಿ ಎರಡನೇ ದಿನಕ್ಕೆ, 19ಕ್ಕೆ, ಬೆಂಗಳೂರು ಎಫ್‌ಸಿ 3-0ರಿಂದ ಹೈದರಾಬಾದನ್ನು ಸೋಲಿಸಿತು. ನಕ್ಷೆಯ ಮೇಲೆ ನಮ್ಮ ಮೂರೂ ಜಿಲ್ಲೆ ಬೆಂಗಳೂರಿಗೆ ಸೇರಿದ ತಾರೀಖು ಅದು. ಬೇಕೆಂದು ಹೊಂದಿಸಿದರೂ ಹೀಗೆ ಹೊಂದುತ್ತಿರಲಿಲ್ಲ.

ಈಗ ಕೆಲಸದ ಮಾತು. ವೊರೊನೊಯ್ ಗೆರೆಯಿಂದ ಜಿಲ್ಲೆಗಳನ್ನು ಕತ್ತರಿಸಬೇಡಿ. ಒಂದೇ ಜಿಲ್ಲೆ ಎರಡು ತಂಡಕ್ಕೆ ಹಂಚಿಹೋಗುತ್ತದೆ, ಚೂರುಪಾರು ತುಂಡುಗಳು ಉಳಿಯುತ್ತವೆ, ಎಣಿಕೆ ಕೂಡುವುದಿಲ್ಲ. ಇಡೀ ಜಿಲ್ಲೆಯನ್ನು ಒಂದು ಘಟಕ ಎಂದು ಇಟ್ಟುಕೊಂಡು ಅದರೊಳಗಿನ ಒಂದು ಬಿಂದುವಿನಿಂದ ಅಂತರ ಅಳೆಯಿರಿ. ಆ ಬಿಂದುವಿಗೆ ‘ಸೆಂಟ್ರಾಯ್ಡ್’ (ಆಕಾರದ ಸರಾಸರಿ ನಡುಬಿಂದು) ಬದಲು ‘ಪಾಯಿಂಟ್ ಆನ್ ಸರ್ಫೇಸ್’ (ಜಿಲ್ಲೆಯೊಳಗೇ ಬೀಳುವ ಬಿಂದು) ಆರಿಸಿ. ಪುದುಚೇರಿಯಂತೆ ತುಂಡುತುಂಡಾಗಿ ಹರಡಿರುವ ಜಿಲ್ಲೆಯ ಸೆಂಟ್ರಾಯ್ಡ್ ಪಕ್ಕದ ಜಿಲ್ಲೆಯೊಳಗೆ ಬೀಳಬಹುದು. ನಂತರ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ‘ಡಿಸ್ಟನ್ಸ್ ಟು ನಿಯರೆಸ್ಟ್ ಹಬ್’ ಓಡಿಸಿದರೆ ಪ್ರತಿ ಜಿಲ್ಲೆಯ ಎದುರು ತಂಡದ ಹೆಸರು, ಅಂತರ ಎರಡೂ ಬರುತ್ತವೆ. ಫಲಿತಾಂಶದಲ್ಲಿ ಕೆಲವು ಅನಿರೀಕ್ಷಿತಗಳಿರುತ್ತವೆ, ಗಾಬರಿ ಬೇಡ. ಪೋರ್ಟ್ ಬ್ಲೇರ್ ಚೆನ್ನೈ ಪಾಲು ಅನಿಸುತ್ತದೆ, ಲೆಕ್ಕದಲ್ಲಿ ಭುವನೇಶ್ವರ ಹತ್ತಿರ. ಹಾಗಾಗಿ ಒಡಿಶಾ ಎಫ್‌ಸಿಗೆ.

ಎರಡನೆಯದು ಮುಖ್ಯ. ಫಲಿತಾಂಶ ಬಂದಾಗಲೆಲ್ಲ ಜಿಲ್ಲೆಗಳ ಪಟ್ಟಿಯನ್ನು ತಿದ್ದುತ್ತಾ ಹೋಗಬೇಡಿ. ಎರಡು ಪಟ್ಟಿ ಇಟ್ಟುಕೊಳ್ಳಿ. ಮೊದಲನೆಯದು ಜಿಲ್ಲೆ ಮತ್ತು ಅದರ ಮೂಲ ತಂಡ. ಇದನ್ನು ಸೀಸನ್ ಪೂರ್ತಿ ಮುಟ್ಟಬಾರದು. ಎರಡನೆಯದು ಮೂಲ ತಂಡದ ಸೀಮೆ ಈಗ ಯಾರ ಕೈಯಲ್ಲಿದೆ ಎಂಬುದು. ಇದು 13 ಸಾಲು ಮಾತ್ರ. ಪಂದ್ಯಕ್ಕೊಂದು ಕಾಲಂ: 156 ಪಂದ್ಯ, ಶುರುವಿನದೊಂದು ಸೇರಿ 157 ಕಾಲಂ. ಪ್ರತಿ ಕೋಶಕ್ಕೂ ಒಂದೇ ಸೂತ್ರ: ಹಿಂದಿನ ಕಾಲಂನಲ್ಲಿರುವ ಒಡೆಯ ಈ ಪಂದ್ಯದಲ್ಲಿ ಸೋತ ತಂಡವಾಗಿದ್ದರೆ ಗೆದ್ದ ತಂಡದ ಹೆಸರು, ಇಲ್ಲದಿದ್ದರೆ ಹಿಂದಿನ ಒಡೆಯನೇ. ಡ್ರಾ ಆದರೆ ಸೋತ ತಂಡದ ಜಾಗ ಖಾಲಿ ಬಿಡಿ, ಸೂತ್ರ ತಾನಾಗಿಯೇ ಹಳೆಯದನ್ನು ಉಳಿಸಿಕೊಳ್ಳುತ್ತದೆ. ಲಿಬ್ರೆ ಆಫೀಸ್ ಕ್ಯಾಲ್ಕ್ ಸ್ಪ್ರೆಡ್‌ಶೀಟ್ ಸಾಕು, ಪೈಥಾನ್ ಪ್ರೋಗ್ರಾಮಿಂಗ್ ಬರಲೇಬೇಕೆಂದಿಲ್ಲ. ಮಧ್ಯದ ಯಾವುದೋ ಪಂದ್ಯದ ಅಂಕಿ ತಪ್ಪಿದ್ದರೆ ಅದೊಂದನ್ನು ತಿದ್ದಿ, ಮುಂದಿನದೆಲ್ಲ ಸರಿಹೋಗುತ್ತದೆ. ಜಿಲ್ಲೆಪಟ್ಟಿಯಲ್ಲೇ ಹುಡುಕಿ ಬದಲಿಸುತ್ತಾ ಹೋಗಿದ್ದರೆ ಮೊದಲಿನಿಂದ ಕಟ್ಟಬೇಕಾಗುತ್ತದೆ.

ಪಂದ್ಯಗಳನ್ನು ಆಡಿದ ತಾರೀಖಿನ ಕ್ರಮದಲ್ಲಿ ಜೋಡಿಸಿ, ವೇಳಾಪಟ್ಟಿಯ ಸುತ್ತಿನ ಕ್ರಮದಲ್ಲಲ್ಲ. ಮುಂದೂಡಿದ ಪಂದ್ಯವೊಂದು ಹಳೆಯ ಜಾಗದಲ್ಲೇ ಕುಳಿತರೆ, ಆಗ ಆ ತಂಡದ ಕೈಯಲ್ಲಿ ಇಲ್ಲದ ಸೀಮೆ ಗೆದ್ದವರಿಗೆ ಹೋಗುತ್ತದೆ. ಒಂದೇ ದಿನದ ಎರಡು ಪಂದ್ಯಗಳ ಕ್ರಮ ಹೇಗಿದ್ದರೂ ನಡೆಯುತ್ತದೆ, ತಂಡಗಳು ಬೇರೆಬೇರೆ ತಾನೆ.

ಸುರಪುರ_ಸರ್ವೇ (ಯಾದಗಿರಿ)

ಯಾದಗಿರಿ ಖಾಲಿ ಬಿದ್ದಿರುವುದಕ್ಕೆ ಎರಡೇ ಕಾರಣ ಇರಲು ಸಾಧ್ಯ. ನಿಮ್ಮ ಗಡಿ ಫೈಲ್ 2001ರ ಜನಗಣತಿಯದಾಗಿದ್ದರೆ ಅದರಲ್ಲಿ ಯಾದಗಿರಿ ಜಿಲ್ಲೆಯೇ ಇಲ್ಲ. ಅದು ಗುಲಬರ್ಗಾದಿಂದ ಬೇರೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಆದರೆ ಹಾಗಿದ್ದರೆ ಆ ಜಾಗ ಗುಲಬರ್ಗಾ ಬಣ್ಣದಲ್ಲೇ ಬರಬೇಕಿತ್ತು, ಖಾಲಿಯಲ್ಲ. ಖಾಲಿ ಬಂದಿದೆ ಎಂದರೆ ಗಡಿ ಫೈಲನ್ನೂ ನಿಮ್ಮ ಪಟ್ಟಿಯನ್ನೂ ಜಿಲ್ಲೆಯ ಹೆಸರಿನ ಮೇಲೆ ಜೋಡಣೆ ಮಾಡಿದ್ದೀರಿ, ಕಾಗುಣಿತ ಹೊಂದಿಲ್ಲ. ಯಾದಗಿರಿಯನ್ನು ಇಂಗ್ಲಿಷಿನಲ್ಲಿ ಒಂದು ಫೈಲ್ ಕೊನೆಯ ಸ್ವರ ಬಿಟ್ಟು ಬರೆದಿರುತ್ತದೆ, ಇನ್ನೊಂದು ಹಚ್ಚಿ ಬರೆದಿರುತ್ತದೆ. ಕಲಬುರಗಿಯೂ ಹಾಗೆಯೇ, 2014ರ ನವೆಂಬರ್ 1ರವರೆಗಿನ ಫೈಲ್‌ಗಳಲ್ಲಿ ಗುಲಬರ್ಗಾ. ಹೆಸರಿನ ಹಿಂದೆ ಒಂದು ಖಾಲಿ ಜಾಗ ಇದ್ದರೂ ಜೋಡಣೆ ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಹೆಸರು ಬಿಟ್ಟು ಸಂಖ್ಯೆಯ ಮೇಲೆ ಜೋಡಿಸಿ. ಜನಗಣತಿಯ ಜಿಲ್ಲಾ ಕೋಡ್ ಇಲ್ಲವೇ ಎಲ್‌ಜಿಡಿ (ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಪಟ್ಟಿ) ಕೋಡ್, ಎರಡರಲ್ಲಿ ಒಂದು. ಎರಡನ್ನೂ ಬೆರೆಸಬೇಡಿ. ಕೋಡನ್ನು ಪಠ್ಯವಾಗಿ ಇಡಬೇಕು, ಇಲ್ಲದಿದ್ದರೆ ಸ್ಪ್ರೆಡ್‌ಶೀಟ್ ಮುಂದಿನ ಸೊನ್ನೆಗಳನ್ನು ನುಂಗುತ್ತದೆ, ಮತ್ತೆ ಅದೇ ಖಾಲಿ ಜಿಲ್ಲೆ.

ಯಾವ ವರ್ಷದ ಗಡಿ ಎಂಬುದನ್ನು ಮೊದಲೇ ತೀರ್ಮಾನಿಸಿ. 2011ರದು ಹಿಡಿದರೆ 640 ಜಿಲ್ಲೆ, ತಂಡಕ್ಕೆ ಸರಾಸರಿ 49. ಕರ್ನಾಟಕಕ್ಕೆ 30, ಯಾದಗಿರಿ ಇದೆ, ವಿಜಯನಗರ ಇಲ್ಲ. ಹೈದರಾಬಾದ್ ಸುತ್ತ ಹಳೆಯ 10 ಜಿಲ್ಲೆ. ಈಗಿನ ಗಡಿ ಹಿಡಿದರೆ ತೆಲಂಗಾಣ ಒಂದರಲ್ಲೇ 33. ಜಿಲ್ಲೆ ಎಣಿಸಿ ಗೆಲುವು ತೋರಿಸುವುದಾದರೆ ಇದರಿಂದಲೇ ಹೈದರಾಬಾದ್ ಎಫ್‌ಸಿ ದಿಢೀರ್ ಶ್ರೀಮಂತವಾಗುತ್ತದೆ. ನನ್ನ ಮತ 2011ಕ್ಕೆ. ಜನಸಂಖ್ಯೆಯ ಅಂಕಿಯೂ ಅದೇ ಕೋಡಿಗೆ ಸಿಗುತ್ತದೆ. ಆದರೆ ಹೊರಗಿನ ಗಡಿಯನ್ನು ಸರ್ವೇ ಆಫ್ ಇಂಡಿಯಾ ಫೈಲಿನಿಂದಲೇ ತೆಗೆದುಕೊಳ್ಳಿ, ಅವರ ಆನ್‌ಲೈನ್ ಮ್ಯಾಪ್ಸ್ ಪೋರ್ಟಲ್‌ನಲ್ಲಿ ಉಚಿತ. ವಿದೇಶಿ ತಾಣಗಳ ಫೈಲ್‌ನಲ್ಲಿ ಜಮ್ಮು ಕಾಶ್ಮೀರದ ಗಡಿ ನಿಯಂತ್ರಣ ರೇಖೆಗೆ ನಿಂತಿರುತ್ತದೆ. ಅದನ್ನು ಮುದ್ರಿಸಿ ಹಂಚಿದರೆ ಫುಟ್‌ಬಾಲ್ ಬಿಟ್ಟು ಬೇರೆ ಜಗಳ ಶುರುವಾಗುತ್ತದೆ.

ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಕ್ರಮ) ನೋಡಿದ್ದೀರಾ? ಬಿಂದುಗಳನ್ನು ಅಕ್ಷಾಂಶ-ರೇಖಾಂಶದಲ್ಲೇ ಬಿಟ್ಟು ವೊರೊನೊಯ್ ಮಾಡಿದರೆ ಡಿಗ್ರಿಯಲ್ಲಿ ಅಳೆಯುತ್ತದೆ. ರೇಖಾಂಶದ ಒಂದು ಡಿಗ್ರಿ ಕಲಬುರಗಿಯಲ್ಲಿ ಸುಮಾರು 106 ಕಿ.ಮೀ., ಶ್ರೀನಗರದ ಹತ್ತಿರ 92. ಉತ್ತರಕ್ಕೆ ಹೋದಷ್ಟೂ ಗಡಿ ವಾಲುತ್ತದೆ. ಎಲ್ಲ ಪದರಗಳನ್ನೂ ಇಡೀ ಭಾರತಕ್ಕೆ ಮಾಡಿದ ಪ್ರೊಜೆಕ್ಷನ್ ಇಪಿಎಸ್‌ಜಿ 7755ಕ್ಕೆ ‘ರೀಪ್ರೊಜೆಕ್ಟ್ ಲೇಯರ್’ ಮಾಡಿ. ಪ್ರಾಜೆಕ್ಟ್‌ನ ಪ್ರೊಜೆಕ್ಷನ್ ಬದಲಿಸಿದರೆ ಸಾಲದು, ಅದು ತೋರಿಕೆಗೆ ಮಾತ್ರ. ಕಿರಿದಾದ ಪಟ್ಟಿಗೆ ಮಾತ್ರ ಹೊಂದುವ ಯುಟಿಎಂ 43 ಪ್ರೊಜೆಕ್ಷನ್ ನಮ್ಮ ಮೂರು ಜಿಲ್ಲೆಗೆ ಒಪ್ಪುತ್ತದೆ, ಗುವಾಹಟಿವರೆಗೆ ಎಳೆದರೆ ಕೆಡುತ್ತದೆ. ವಿಸ್ತೀರ್ಣ ಬೇಕಾದರೆ ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಎಲಿಪ್ಸಾಯ್ಡ್ (ಭೂಮಿಯ ದುಂಡು ಆಕಾರದ) ಲೆಕ್ಕದ್ದನ್ನೇ ತೆಗೆಯಿರಿ. 7755 ಆಕಾರ ಕಾಯುತ್ತದೆ, ವಿಸ್ತೀರ್ಣವನ್ನಲ್ಲ.

ಕೋಲ್ಕತ್ತದ ತೊಡಕಿಗೆ ಕಾರಣ, ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎರಡಕ್ಕೂ ಸಾಲ್ಟ್ ಲೇಕ್ ಮೈದಾನವೇ ತವರು. ಒಂದೇ ಜಾಗದಲ್ಲಿ ಎರಡು ಬಿಂದು ಇದ್ದರೆ ಒಂದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಮೊಹಮ್ಮಡನ್ ಕಿಶೋರ್ ಭಾರತಿಯಲ್ಲಿ ಆಡಿದ್ದರಿಂದ ಅದು ಉಳಿದಿದೆ. ಉಪಾಯ ಸುಲಭ: ಮೋಹನ್ ಬಾಗಾನ್ ಬಿಂದುವನ್ನು ಒಂದು ಕಿ.ಮೀ. ಪಶ್ಚಿಮಕ್ಕೆ, ಈಸ್ಟ್ ಬೆಂಗಾಲನ್ನು ಅಷ್ಟೇ ಪೂರ್ವಕ್ಕೆ ಸರಿಸಿ. ಎಷ್ಟು ಕಡಿಮೆ ಸರಿಸಿದರೂ ನಡುವಿನ ಗೆರೆ ಉತ್ತರ-ದಕ್ಷಿಣವಾಗಿ ಸಾಲ್ಟ್ ಲೇಕ್ ಮೇಲೇ ಹಾಯುತ್ತದೆ. ಹೂಗ್ಲಿ ಮೋಹನ್ ಬಾಗಾನಿಗೆ, ಬಾಂಗ್ಲಾ ಗಡಿಯ ಉತ್ತರ 24 ಪರಗಣ, ನಾದಿಯಾ ಈಸ್ಟ್ ಬೆಂಗಾಲಿಗೆ. ಆ ಕಡೆಯಿಂದ ಬಂದವರ ತಂಡ ಎಂಬ ಇತಿಹಾಸಕ್ಕೂ ಹೊಂದುತ್ತದೆ.

ಪಂಜಾಬ್ ಎಫ್‌ಸಿಯನ್ನು ಎಲ್ಲಿ ಇಟ್ಟಿದ್ದೀರಿ? ಆ ಸೀಸನ್‌ನಲ್ಲಿ ಅವರ ತವರು ಪಂದ್ಯಗಳು ದೆಹಲಿಯ ನೆಹರು ಸ್ಟೇಡಿಯಂನಲ್ಲಿ ನಡೆದವು. ದೆಹಲಿಯಲ್ಲಿ ಇಡಿ, ಮೊಹಾಲಿಯಲ್ಲಿ ಇಡಿ, ಉತ್ತರ ಭಾರತದ ಬಹುಪಾಲು ಅವರದೇ. ಅದು ಐಎಸ್‌ಎಲ್ ತಂಡಗಳ ಹಂಚಿಕೆಯ ದೋಷ, ನಿಮ್ಮ ನಕ್ಷೆಯದಲ್ಲ. ಆದರೆ ಎಲ್ಲ ತಂಡಕ್ಕೂ ‘ಆ ಸೀಸನ್ ಆಡಿದ ಮೈದಾನ’ ಎಂಬ ಒಂದೇ ನಿಯಮ ಇರಲಿ.

ಶಹಾಬಾದಿ_ಪರ್ಶಿ

ನಕ್ಷಾದಾಗ ತಪ್ಪಿಲ್ರಿ, ನಿಯಮಾನೇ ಹಂಗ ಅದ. ಗೆದ್ದಾಂವಗ ಎಲ್ಲಾ, ಸೋತಾಂವಗ ಏನೂ ಇಲ್ಲ ಅಂದಮ್ಯಾಲ ಒಡೆಯರ ಸಂಖ್ಯಾ ಎಂದೂ ಹೆಚ್ಚಾಗಂಗಿಲ್ಲ. ಸೀಮಿ ಇದ್ದ ಎರಡು ತಂಡ ಆಡಿ ಒಂದು ಸೋತ್ರ ಒಬ್ಬ ಕಮ್ಮಿ. ಸೀಮಿ ಇಲ್ಲದಾಂವ ಸೀಮಿ ಇದ್ದಾಂವಗ ಸೋಲಿಸಿದ್ರ ಒಡೆಯ ಬದಲಾಗ್ತಾನ, ಸಂಖ್ಯಾ ಅಷ್ಟೇ ಇರ್ತದ. ಒಮ್ಮಿ ಕೂಡಿದ ಸೀಮಿ ಮತ್ತ ಒಡಿಯಂಗಿಲ್ಲ.

ಲೆಕ್ಕ ನೋಡ್ರಿ. ಸೆಪ್ಟೆಂಬರ್ 13ಕ್ಕ ಮೋಹನ್ ಬಾಗಾನ್-ಮುಂಬೈ 2-2, ಏನೂ ಬದಲಿಲ್ಲ. 14ಕ್ಕ ಚೆನ್ನೈಯಿನ್ ಒಡಿಶಾಕ್ಕ, ಬೆಂಗಳೂರು ಈಸ್ಟ್ ಬೆಂಗಾಲಿಗೆ ಸೋಲಿಸಿದ್ವು. 15ಕ್ಕ ಪಂಜಾಬ್ ಕೇರಳಕ್ಕ, 16ಕ್ಕ ನಾರ್ತ್ ಈಸ್ಟ್ ಮೊಹಮ್ಮಡನ್‌ಗೆ, 17ಕ್ಕ ಜಮ್‌ಶೆಡ್‌ಪುರ ಗೋವಾಕ್ಕ, 19ಕ್ಕ ಬೆಂಗಳೂರು ಹೈದರಾಬಾದಿಗೆ. ಏಳು ಪಂದ್ಯ ಮುಗಿಯೂದರಾಗ 13 ಒಡೆಯರು ಹೋಗಿ 7 ಉಳದ್ರು. 23ಕ್ಕ ಮೋಹನ್ ಬಾಗಾನ್ 3-2 ನಾರ್ತ್ ಈಸ್ಟ್, 28ಕ್ಕ ಬೆಂಗಳೂರು 3-0 ಮೋಹನ್ ಬಾಗಾನ್. ಮುಗೀತು, ಕಲಬುರ್ಗಿಲಿಂದ ಗುವಾಹಟಿ ತನಕ ಆರು ತಂಡದ ಸೀಮಿ ಸುನಿಲ್ ಛೆತ್ರಿ ಟೀಮಿನ ಕೈಯಾಗ. ನಡುವ ಒಂದು ಮಜಾ ಅದ: 26ಕ್ಕ ಮೊಹಮ್ಮಡನ್ 1-0 ಚೆನ್ನೈಯಿನ್. ಕೋಲ್ಕತ್ತದಾಗ ಒಂದು ಚೂರು ಜಾಗ ಇಲ್ಲದ ತಂಡ ಚೆನ್ನೈ, ಒಡಿಶಾ ಎರಡಕ್ಕೂ ಒಡೆಯ ಆಯ್ತು.

ಅಮೆರಿಕದಾಗ ಇದು ನಡೀತದ, ಯಾಕಂದ್ರ ಅಲ್ಲಿ ಮ್ಯಾಲಿನ ದರ್ಜೆದಾಗ 130ಕ್ಕಿಂತ ಹೆಚ್ಚು ತಂಡ, ಒಂದೊಂದು ಆಡೂದು ಹನ್ನೆರಡು ಪಂದ್ಯ. ಇಲ್ಲಿ 13 ತಂಡ, ಒಂದೊಂದಕ್ಕ 24 ಪಂದ್ಯ, ಎಲ್ಲರೂ ಎಲ್ಲರ ಜೊತಿ ಎರಡು ಸಲ. ಕೊನಿಗೆ ಒಬ್ಬನೇ ಒಡೆಯ ಉಳದು ಇಡೀ ದೇಶಕ್ಕ ಒಂದೇ ಬಣ್ಣ, ಸೋತಾಗೊಮ್ಮಿ ಬಣ್ಣ ಬದಲು. ಅದು ನಕ್ಷಾ ಅಲ್ರಿ, ಟ್ರ್ಯಾಫಿಕ್ ಸಿಗ್ನಲ್. ಅಂತರರಾಷ್ಟ್ರೀಯ ಫುಟ್‌ಬಾಲ್‌ದಾಗ ಅದಕ್ಕ ಹೆಸರೇ ಅದ, ಅನಧಿಕೃತ ವಿಶ್ವ ಚಾಂಪಿಯನ್‌ಶಿಪ್: 1873ರಾಗ ಇಂಗ್ಲೆಂಡ್ 4-2 ಸ್ಕಾಟ್ಲೆಂಡ್ ಪಂದ್ಯದಿಂದ ಪಟ್ಟ ಕೈಲಿಂದ ಕೈಗೆ ಹೋಗ್ತದ. ಅದನ್ನ ನೋಡಾಕ ನಕ್ಷಾ ಬೇಕಿಲ್ಲ, ಒಂದು ಪಟ್ಟಿ ಸಾಕು.

ಕಾರಂಜಾ ಸರ್ ಹೇಳಿದ 13 ಸಾಲಿನ ಲೆಕ್ಕ ಛಲೋ ಅದ, ಆದ್ರ ಅದು ಈ ನಿಯಮಕ್ಕ ಮಾತ್ರ. ನಾ ಹೇಳೂದು ಗೋಲಿನ ಅಂತರದ ಪದ್ಧತಿ. ಒಂದು ಗೋಲಿಗೆ 5 ಜಿಲ್ಲಾ. 1-0 ಆದ್ರ 5, 3-0 ಆದ್ರ 15, ನಾಲ್ಕು ಗೋಲಿನ ಮ್ಯಾಲ ಎಷ್ಟಾದ್ರೂ 20ಕ್ಕ ನಿಲ್ಲಸ್ರಿ. ಸೋತಾಂವನ ಹತ್ತಿರ ಇರೂ ಜಿಲ್ಲಾದಾಗ ಗೆದ್ದಾಂವನ ಮೈದಾನಕ್ಕ ಯಾವು ಹತ್ತಿರ, ಅವು ಮೊದಲು. ಮೈದಾನ ಇರೂ ಜಿಲ್ಲಾ ಯಾರೂ ಕಸಗೊಳ್ಳಂಗಿಲ್ಲ, ಇಲ್ಲಂದ್ರ ತಂಡ ಪೂರ್ತಿ ಅಳಿಸಿಹೋಗ್ತದ. ಮೂರು ತಂಡ ಇರೂ ಕೋಲ್ಕತ್ತಕ್ಕ ಮಾತ್ರ ಒಂದೊಂದಕ್ಕ ಒಂದೊಂದು ಜಿಲ್ಲಾ ನೀವೇ ಕೈಲಿಂದ ಗೊತ್ತು ಮಾಡ್ರಿ.

ಮಾಡೂದು ಹಿಂಗ: ಕ್ಯೂಜಿಐಎಸ್‌ದಾಗ ‘ಡಿಸ್ಟನ್ಸ್ ಮ್ಯಾಟ್ರಿಕ್ಸ್’ ಓಡಿಸಿ 640 ಜಿಲ್ಲಾ, 13 ಮೈದಾನ, ಒಟ್ಟು 8,320 ಅಂತರ ಮೊದಲೇ ತಗದಿಡ್ರಿ. ಪ್ರತಿ ಪಂದ್ಯಕ್ಕ ಸೋತ ತಂಡದ ಜಿಲ್ಲಾ ಸೋಸಿ, ಗೆದ್ದ ತಂಡದ ಅಂತರದ ಮ್ಯಾಲ ವಿಂಗಡಿಸಿ, ಮ್ಯಾಲಿನ 5 ಅಥವಾ 10ಕ್ಕ ಹೊಸ ಹೆಸರು ಬರೀರಿ. ಇಲ್ಲಿ ಮಾತ್ರ ಪೈಥಾನ್ ಬೇಕು, 156 ಸಲ ಕೈಲಿಂದ ಮಾಡಾಕ ಕೂತ್ರ ಕಣ್ಣು ಮಂಜಾಗ್ತಾವ. ಪ್ರತಿ ಪಂದ್ಯದ ನಂತರ ಎಲ್ಲಾ ತಂಡದ ಜಿಲ್ಲಾ ಕೂಡಿಸಿದ್ರ 640 ಬರಬೇಕು. ಬರ್ಲಿಲ್ಲ ಅಂದ್ರ ಆ ಪಂದ್ಯದಾಗ ತಂಡದ ಹೆಸರಿನ ಕಾಗುಣಿತ ತಪ್ಪೇದ.

ಈ ನಿಯಮದಾಗ ನಮ್ಮ ಭಾಗ ಬಾಳ ಮಜಾ ಬರ್ತದ. ಬೆಂಗಳೂರು ಹೈದರಾಬಾದಿಗೆ ಸೋಲಿಸಿದ್ರ ನಮ್ಮ ಭಾಗದಾಗ ಮೊದಲು ಹೋಗೂದು ರಾಯಚೂರು, ಆಮ್ಯಾಲ ಯಾದಗಿರಿ, ಆಮ್ಯಾಲ ಕಲಬುರ್ಗಿ, ಕೊನಿಗೆ ಬೀದರ್. ಗೋವಾ ಗೆದ್ರ ಕ್ರಮಾನೇ ಬ್ಯಾರೆ, ಯಾದಗಿರಿ ಮತ್ತ ಕಲಬುರ್ಗಿ ಹತ್ತಿರಹತ್ತಿರ ಸಮ, ಬೀದರ್ ನೂರು ಕಿ.ಮೀ. ಹಿಂದ. ಬಹಮನಿ ರಾಜಧಾನಿ ಎರಡೂ ಫುಟ್‌ಬಾಲ್‌ದಾಗ ಗಡಿ ಜಿಲ್ಲಾ.

ಕಾರಂಜಾ (ಬೀದರ್)

ಗೋಲಿನ ಅಂತರ ಒಪ್ಪುತ್ತೇನೆ, ಆದರೆ ದ್ವೀಪಗಳ ಬಗ್ಗೆ ಎಚ್ಚರಿಕೆ. ಕೇರಳ ನಾರ್ತ್ ಈಸ್ಟನ್ನು ಸೋಲಿಸಿದರೆ ಗಡಿ ತಾಗದ ಐದು ಜಿಲ್ಲೆ ಕೇರಳದ ಹಳದಿಯಾಗಿ ನಿಲ್ಲುತ್ತವೆ. ಅದನ್ನು ತಪ್ಪಿಸಲು ‘ಗಡಿ ತಾಗುವ ಜಿಲ್ಲೆ ಮಾತ್ರ’ ಎಂದು ನಿಯಮ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಗಡಿ ಹಂಚಿಕೊಳ್ಳದ ತಂಡಗಳ ಪಂದ್ಯಗಳಿಗೆ ಬೆಲೆಯೇ ಇಲ್ಲದಾಗುತ್ತದೆ. ದ್ವೀಪ ಇರಲಿ. ಜಿಲ್ಲೆ ಮುಗಿದುಹೋದ ತಂಡ ಸೋತರೆ ಉಳಿದಷ್ಟನ್ನೇ ಕೊಡಲಿ, ಸಾಲ ಬೇಡ.

ಒಡಿಶಾ ಅಥವಾ ಜಮ್‌ಶೆಡ್‌ಪುರ 20 ಜಿಲ್ಲೆಗಿಂತ ಕಡಿಮೆಯಲ್ಲಿ ಶುರುವಾದರೆ ಒಂದು ದೊಡ್ಡ ಸೋಲಿಗೆ ಮಣ್ಣಾಗುತ್ತದೆ. ಮೊದಲ ನಕ್ಷೆಯಲ್ಲಿ ತಂಡವಾರು ಎಣಿಕೆ ನೋಡಿ, ಅತಿ ಚಿಕ್ಕ ತಂಡದ ಎಣಿಕೆಯ ಐದನೇ ಒಂದು ಭಾಗವನ್ನು ಒಂದು ಗೋಲಿನ ಬೆಲೆ ಎಂದು ಇಟ್ಟುಕೊಂಡರೆ ಸರಿಹೋಗಬಹುದು. 5 ಎಂಬುದು ಕಲ್ಲಿನ ಮೇಲೆ ಕೆತ್ತಿದ್ದಲ್ಲ.

ಭೀಮಾತೀರ (ಕಲಬುರಗಿ)

ಕೋಡ್ ಮೇಲೆ ಜೋಡಿಸಿದೆ, ಯಾದಗಿರಿ ಬಂತು. ಗೋಲಿನ ಅಂತರದ್ದನ್ನೇ ಹಿಡಿಯುತ್ತೇನೆ. ಇನ್ನೆರಡು ಕೇಳಬೇಕಿತ್ತು. ಕನ್ನಡದ ತಂಡ ಹೆಸರುಗಳು ಕ್ಯೂಜಿಐಎಸ್‌ನಲ್ಲಿ ವಿಚಿತ್ರ ಅಕ್ಷರಗಳಾಗಿ ಬರುತ್ತಿವೆ. ಪೈಥಾನ್‌ನ ಚಿತ್ರದಲ್ಲಿ ಅಕ್ಷರ ಬರುತ್ತದೆ, ಒತ್ತು ಮಾತ್ರ ಪಕ್ಕಕ್ಕೆ ಬೀಳುತ್ತದೆ. ಕೊನೆಗೆ ಇದನ್ನು ವಾಟ್ಸಾಪ್‌ನಲ್ಲಿ ಹಂಚುವ ಚಲನಚಿತ್ರ ಮಾಡುವುದು ಹೇಗೆ?

ಸುರಪುರ_ಸರ್ವೇ (ಯಾದಗಿರಿ)

ಎರಡು ಬೇರೆ ಬೇರೆ ರೋಗ. ಕ್ಯೂಜಿಐಎಸ್‌ನಲ್ಲಿ ವಿಚಿತ್ರ ಅಕ್ಷರ ಎಂದರೆ ಪಟ್ಟಿಯನ್ನು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಅದು ಯೂನಿಕೋಡ್ ಅಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಎಕ್ಸೆಲ್‌ನಿಂದ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ. ಬರೀ ‘ಸಿಎಸ್‌ವಿ’ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ, ಮರಳಿ ಬರುವುದಿಲ್ಲ.

ಒತ್ತು ಒಡೆಯುವುದು ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನ ಕೊರತೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಕನ್ನಡದ ಜೋಡಣೆ ಮಾಡುವುದಿಲ್ಲ. ಲೆಕ್ಕ ಪೈಥಾನ್‌ನಲ್ಲಿ ಮುಗಿಸಿ, ಚಿತ್ರ ಕ್ಯೂಜಿಐಎಸ್‌ನಲ್ಲಿ ತೆಗೆಯಿರಿ; ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಬಣ್ಣಕ್ಕೆ ಜೆರ್ಸಿಯನ್ನೇ ನಂಬಬೇಡಿ. ಬೆಂಗಳೂರು, ಚೆನ್ನೈಯಿನ್, ಮುಂಬೈ ಮೂರೂ ನೀಲಿ, ಕೇರಳ ಮತ್ತು ಹೈದರಾಬಾದ್ ಎರಡೂ ಹಳದಿ. ದಕ್ಷಿಣ ಭಾರತ ಪೂರ್ತಿ ಗೊಂದಲ. ಬೆಂಗಳೂರಿಗೆ ಗಾಢ ನೀಲಿ, ಮುಂಬೈಗೆ ತಿಳಿ ಆಕಾಶ, ಚೆನ್ನೈಯಿನ್‌ಗೆ ನೀಲಿಯ ಮೇಲೆ ಓರೆ ಗೆರೆ. ಕೇರಳಕ್ಕೆ ಹಳದಿ, ಹೈದರಾಬಾದಿಗೆ ಹಳದಿ-ಕಪ್ಪು ಗೆರೆ. ಜಿಲ್ಲೆಗಳ ನಡುವಿನ ಗೆರೆಯನ್ನು 0.1 ಮಿ.ಮೀ. ತಿಳಿ ಬೂದು ಮಾಡಿ, ಒಡೆತನದ ಗಡಿ ಮಾತ್ರ ದಪ್ಪ ಇರಲಿ. ಅದಕ್ಕೆ ಒಡೆಯನ ಹೆಸರಿನ ಮೇಲೆ ‘ಡಿಸಾಲ್ವ್’ ಮಾಡಿದ (ಒಬ್ಬನೇ ಒಡೆಯನ ಜಿಲ್ಲೆಗಳನ್ನು ಒಂದಾಗಿಸಿದ) ಬೇರೆ ಪದರ ಬೇಕು.

ಶಹಾಬಾದಿ_ಪರ್ಶಿ

156 ಚಿತ್ರ ಬ್ಯಾಡ್ರಿ, ಡ್ರಾ ಆದಾಗ ಅದೇ ಚಿತ್ರ ಮತ್ತ ಬರ್ತದ. 13 ತಂಡ ಅಂದ್ರ ಸುತ್ತಿಗೆ 6 ಪಂದ್ಯ, ಒಂದು ತಂಡ ಖಾಲಿ, ಒಟ್ಟು 26 ಸುತ್ತು. ಲೆಕ್ಕ ಪಂದ್ಯಕ್ಕೊಮ್ಮಿ ಮಾಡ್ರಿ, ಚಿತ್ರ ಆರು ಪಂದ್ಯಕ್ಕೊಮ್ಮಿ ತಗೀರಿ. ಕ್ಯೂಜಿಐಎಸ್ ಅಟ್ಲಾಸ್‌ದಾಗ 26 ಪುಟ ಒಮ್ಮಿಗೇ ಹೊರಗ ಬರ್ತಾವ. ಚಿತ್ರ ಜೋಡಿಸಿ ವೀಡಿಯೊ ಮಾಡೂ ಎಫ್‌ಎಫ್‌ಎಂಪೆಗ್‌ದಾಗ ಒಂದಕ್ಕ ಒಂದೂವರಿ ಸೆಕೆಂಡ್ ಇಟ್ರ 39 ಸೆಕೆಂಡ್. ಜಿಫ್ ಮಾಡಬ್ಯಾಡ್ರಿ, 256 ಬಣ್ಣದಾಗ ತಿಳಿ ಬಣ್ಣ ಎಲ್ಲಾ ಕಲಸಿಹೋಗ್ತಾವ. ಎಂಪಿ4 ಮಾಡ್ರಿ. ಚಿತ್ರದ ಅಗಲ, ಎತ್ತರ ಎರಡೂ ಸಮಸಂಖ್ಯಾ ಇರಬೇಕು, 1080 ಮತ್ತ 1350 ಇಟ್ರ ಛಲೋ. ಬೆಸ ಇದ್ರ ವೀಡಿಯೊ ಕುಗ್ಗಿಸೂ ಎಚ್264, ‘ಎತ್ತರ ಎರಡರಿಂದ ಭಾಗ ಆಗಂಗಿಲ್ಲ’ ಅಂತ ಹೇಳಿ ಅಲ್ಲೇ ನಿಂದ್ರತದ. ಫೈಲ್ ಹೆಸರಿಗೆ 01, 02 ಅಂತ ಎರಡಂಕಿ ಹಚ್ರಿ, ಇಲ್ಲಂದ್ರ 1 ಆದಮ್ಯಾಲ 10 ಬಂದು ಫೆಬ್ರವರಿ ಪಂದ್ಯ ಅಕ್ಟೋಬರ್‌ದಾಗ ನಡೀತಾವ.